ಚಂದ್ರನ ಫೋಟೊ: ಕಂಡದ್ದೆಷ್ಟು, ಸೇರಿಸಿದ್ದೆಷ್ಟು?



*ಇಂದಿನ ಚಿಂತನೆ*

ಹುಣ್ಣಿಮೆಯ ಉಪೋಸಥ ಮುಗಿದ ಮೇಲೆ ನಮ್ಮ ಗುಂಪಿಗೆ ಚಂದ್ರನ ಫೋಟೊಗಳು ಬರುತ್ತವೆ. ಈ ಸಲವೂ ಬಂದವು. ಕೆಲವರದು ಬರೀ ಬಿಳಿ ಚುಕ್ಕೆ. ಇನ್ನು ಕೆಲವರದು ಪಾಠಪುಸ್ತಕದ ಚಿತ್ರದಂತೆ ಸ್ಪಷ್ಟ. ಅಕ್ಕ ಒಬ್ಬರು ಕೇಳಿದ್ದಾರೆ: "ಅಣ್ಣಾ, ನನ್ ಫೋನ್‌ನಾಗ ಚಂದ್ರ ಬಲ್ಬಿನಂಗ ಕಾಣ್ತಾನ, ಅವರ ಫೋನ್‌ನಾಗ ಹೆಂಗ ಅಷ್ಟು ಚಂದ ಬಂತು?" ಹಲಕುಂದಿಯ ನಮ್ಮ ಮನೆ ಹಿತ್ತಲಿನಿಂದ ಕೆಲವು ವರ್ಷಗಳಿಂದ ಚಂದ್ರನ ಫೋಟೊ ತೆಗೆಯುತ್ತಿರುವುದರಿಂದ ನನಗೆ ತಿಳಿದಷ್ಟು ಹೇಳುತ್ತೇನೆ. ಇದರಲ್ಲಿ ಧಮ್ಮದ ಪಾಠವೂ ಇದೆ.

*ಒಂದು: ಮನಸ್ಸು ಸೇರಿಸುವುದು*

ಬಳ್ಳಾರಿ ಗುಡ್ಡದ ಪಕ್ಕದಲ್ಲಿ ಆಗತಾನೆ ಹುಟ್ಟುವ ಹುಣ್ಣಿಮೆ ಚಂದ್ರ ಬಂಡೆಯಷ್ಟು ದೊಡ್ಡದಾಗಿ ಕಾಣುತ್ತಾನೆ. ನಡುರಾತ್ರಿ ನೆತ್ತಿಯ ಮೇಲೆ ಬಂದಾಗ ಚಿಕ್ಕವನಾಗುತ್ತಾನೆ. ತೋಳನ್ನು ಪೂರ್ತಿ ಚಾಚಿ ಕಿರುಬೆರಳನ್ನು ಅಡ್ಡ ಹಿಡಿದು ನೋಡಿ. ಎರಡು ಹೊತ್ತಿನಲ್ಲೂ ಬೆರಳಿನ ಅರ್ಧ ಅಗಲಕ್ಕೆ ಚಂದ್ರ ಮುಚ್ಚಿಹೋಗುತ್ತಾನೆ. ಆಕಾಶದಲ್ಲಿ ಅವನ ಅಗಲ ಸುಮಾರು ಅರ್ಧ ಡಿಗ್ರಿ ಮಾತ್ರ. ಫೋಟೊದಲ್ಲಿ ಅಳೆದರೂ ಅಷ್ಟೇ. ದೊಡ್ಡದು ಮಾಡಿದ್ದು ನಮ್ಮ ಮನಸ್ಸು. ಯಾರೂ ಮೋಸ ಮಾಡಿಲ್ಲ. ಆದರೂ ಇಲ್ಲದ್ದು ಇದ್ದಂತೆ ಕಂಡಿತು. ಪಾಳಿಯಲ್ಲಿ ಸಞ್ಞಾ ಎನ್ನುತ್ತೇವಲ್ಲ, ಆ ಗುರುತಿಸುವ ಕೆಲಸ ನಡೆಯುವಾಗ ಹೀಗೆ ನಮ್ಮದೂ ಒಂದಿಷ್ಟು ಸೇರಿಕೊಳ್ಳುತ್ತದೆ.

*ಎರಡು: ಕ್ಯಾಮೆರಾ ಸೇರಿಸುವುದು*

ಬಿಳಿ ಚುಕ್ಕೆ ಯಾಕೆ ಬರುತ್ತದೆ? ಕ್ಯಾಮೆರಾ ಇಡೀ ಚೌಕಟ್ಟನ್ನು ನೋಡುತ್ತದೆ. ಮುಕ್ಕಾಲು ಪಾಲು ಕತ್ತಲೆ. "ಅಯ್ಯೋ, ಬೆಳಕು ಸಾಲದು" ಎಂದುಕೊಂಡು ಹೆಚ್ಚು ಹೊತ್ತು ಬೆಳಕು ಕುಡಿಯುತ್ತದೆ. ಆದರೆ ಚಂದ್ರನ ಮೇಲೆ ಬೀಳುತ್ತಿರುವುದು ಬಿಸಿಲು. ನಮಗೆ ರಾತ್ರಿ, ನಮಗೆ ಕಾಣುವ ಅವನ ನೆಲಕ್ಕೆ ಹಗಲು. ಬಿಸಿಲಲ್ಲಿರುವ ವಸ್ತುವಿಗೆ ಕತ್ತಲೆಯ ಲೆಕ್ಕ ಹಾಕಿದರೆ ಕಲೆಗಳೆಲ್ಲ ಅಳಿಸಿ ಬರೀ ಬೆಳ್ಳಗೆ ಉಳಿಯುತ್ತದೆ. ನಿಜಕ್ಕೂ ಚಂದ್ರನ ನೆಲ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 12 ಪಾಲು ಮಾತ್ರ ಹಿಂದಿರುಗಿಸುತ್ತದೆ. ಹಳೆಯ ಡಾಂಬರು ರಸ್ತೆಯಷ್ಟು ಮಂಕು. ಸುತ್ತ ಕತ್ತಲೆ ಇರುವುದರಿಂದ ನಮಗೆ ಹಾಲಿನಂತೆ ಕಾಣುತ್ತದೆ.

ಉಪಾಯ ಸುಲಭ. ಪರದೆಯಲ್ಲಿ ಚಂದ್ರನ ಮೇಲೆಯೇ ಬೆರಳನ್ನು ಒತ್ತಿ ಹಿಡಿಯಿರಿ. ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಫೋನಿನಲ್ಲಿ ಪ್ರೊ ಮೋಡ್ ಇದ್ದರೆ ಐಎಸ್ಒ 100 ಇಟ್ಟು, ಶಟರ್ 1/250 ಸೆಕೆಂಡಿನಿಂದ ಶುರು ಮಾಡಿ, ಕಲೆಗಳು ಕಾಣುವವರೆಗೆ 1/500, 1/1000 ಎಂದು ವೇಗ ಹೆಚ್ಚಿಸುತ್ತಾ ಹೋಗಿ. ಫೋನನ್ನು ಕಾಂಪೌಂಡ್ ಗೋಡೆಗೆ ಆನಿಸಿ, ಟೈಮರ್ ಹಾಕಿ ಕೈ ತೆಗೆಯಿರಿ. ಬೆಳಕು ಕಡಿಮೆ ಮಾಡಿದಷ್ಟೂ ಚಂದ್ರ ಚೆನ್ನಾಗಿ ಕಾಣುತ್ತಾನೆ.

*ಮೂರು: ಫೋನು ಸೇರಿಸುವುದು*

ಪಾಠಪುಸ್ತಕದಂತೆ ಬಂದ ಫೋಟೊಗಳ ವಿಷಯ ಬೇರೆ. ಚಂದ್ರ ಯಾವಾಗಲೂ ಒಂದೇ ಮುಖವನ್ನು ಭೂಮಿಗೆ ತೋರಿಸುತ್ತಾನೆ. ಹಲಕುಂದಿಯಲ್ಲಿ ಕಂಡ ಕಲೆಗಳೇ ಜಪಾನಿನಲ್ಲೂ ಕಾಣುತ್ತವೆ. ಆದ್ದರಿಂದ ಸಾವಿರಾರು ಚಿತ್ರ ನೋಡಿ ಕಲಿತ ತಂತ್ರಾಂಶಕ್ಕೆ ಚಂದ್ರನನ್ನು ತುಂಬಿಕೊಡುವುದು ಸುಲಭ. 2023ರ ಮಾರ್ಚ್‌ನಲ್ಲಿ ಒಬ್ಬರು ಚಂದ್ರನ ಚಿತ್ರವನ್ನು ಬೇಕೆಂದೇ ಮಸುಕು ಮಾಡಿ ಕಂಪ್ಯೂಟರ್ ಪರದೆಯಲ್ಲಿಟ್ಟು, ಸ್ಯಾಮ್‌ಸಂಗ್ ಫೋನಿನಿಂದ ತೆಗೆದು ತೋರಿಸಿದರು. ಮಸುಕಿನಲ್ಲಿ ಇಲ್ಲದ ವಿವರಗಳು ಫೋಟೊದಲ್ಲಿ ಬಂದಿದ್ದವು. ಚಂದ್ರ ಎಂದು ಗುರುತು ಸಿಕ್ಕರೆ ಕೃತಕ ಬುದ್ಧಿಮತ್ತೆಯಿಂದ ವಿವರ ಹೆಚ್ಚಿಸುತ್ತೇವೆ ಎಂದು ಕಂಪನಿಯೇ ವಿವರಣೆ ಕೊಟ್ಟಿತು. ಸೆಟ್ಟಿಂಗ್‌ನಲ್ಲಿ ಇದನ್ನು ಬಂದ್ ಮಾಡಬಹುದು.

ಅಂಥ ಫೋಟೊ ನೋಡಲು ಚಂದ. ಆದರೆ "ನಾನು ನಿನ್ನೆ ಕಂಡ ಚಂದ್ರ" ಎಂದು ಹೇಳುವಾಗ ಮಾತ್ರ ಪಂಚಶೀಲದ ನಾಲ್ಕನೆಯದನ್ನು ಒಮ್ಮೆ ನೆನೆಯಬೇಕು.

*ಬಾಹಿಯನಿಗೆ ಸಿಕ್ಕ ಪಾಠ*

ಉದಾನದಲ್ಲಿ ಬಾಹಿಯನ ಪ್ರಸಂಗ ಬರುತ್ತದೆ. ಇಂದಿನ ಮುಂಬೈ ಹತ್ತಿರದ ಸುಪ್ಪಾರಕದಿಂದ ಸಾವತ್ಥಿವರೆಗೆ ಅವನು ಓಡಿ ಬಂದ. ಭಗವಾನರು ಭಿಕ್ಷೆಗೆ ಹೊರಟಿದ್ದಾಗಲೇ ಉಪದೇಶ ಬೇಕೆಂದು ಪಟ್ಟು ಹಿಡಿದ. ಅವನಿಗೆ ಸಿಕ್ಕಿದ್ದು ನಾಲ್ಕೇ ಮಾತಿನ ಪಾಠ. ಕಣ್ಣಿಗೆ ಬಿದ್ದದ್ದರ ಮೇಲೆ, ಕಿವಿಗೆ ಕೇಳಿದ್ದರ ಮೇಲೆ ತನ್ನದನ್ನು ಹೇರಬೇಡ ಎಂಬುದು ಅದರ ತಿರುಳು. ಕೇಳುವುದಕ್ಕೆ ಬಹಳ ಸಣ್ಣ ಮಾತು. ಮಾಡಲು ಹೋದಾಗ ಗೊತ್ತಾಗುತ್ತದೆ. ಮನಸ್ಸು ದೊಡ್ಡದು ಮಾಡುತ್ತದೆ, ಕ್ಯಾಮೆರಾ ಬೆಳ್ಳಗೆ ಮಾಡುತ್ತದೆ, ಫೋನು ತುಂಬಿಕೊಡುತ್ತದೆ. ಆಮೇಲೆ ಊರು ಬಂದು ಕಥೆ ಕಟ್ಟುತ್ತದೆ.

*ಕಥೆ ಕಟ್ಟಿದಾಗ ಏನಾಗುತ್ತದೆ*

2025ರ ಸೆಪ್ಟೆಂಬರ್ 7ರ ಪೂರ್ಣ ಚಂದ್ರಗ್ರಹಣ ನಿಮಗೆ ನೆನಪಿರಬಹುದು. ರಾತ್ರಿ 9:57ಕ್ಕೆ ಭೂಮಿಯ ದಟ್ಟ ನೆರಳು ತಾಗಿತು. 11 ಗಂಟೆಗೆ ಪೂರ್ತಿ ಮುಚ್ಚಿತು. ನೆರಳು ಪೂರಾ ಬಿಟ್ಟದ್ದು 1:26ಕ್ಕೆ. ನಮ್ಮ ಪಕ್ಕದ ಮನೆಗೆ ಒಬ್ಬ ಮಗಳು ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ಎಂಟು ತಿಂಗಳು. ಗ್ರಹಣ ರಾತ್ರಿಯದಾದರೂ ಮಧ್ಯಾಹ್ನದಿಂದಲೇ ಸೂತಕ ಎಂದು ಊಟವಿಲ್ಲ, ನೀರೂ ಇಲ್ಲ. ಕಿಟಕಿಗೆ ಚಾದರ ಕಟ್ಟಿ ಆ ಸೆಕೆಯಲ್ಲಿ ಒಳಗೆ ಕೂರಿಸಿದ್ದರು.

ಹತ್ತು ಗಂಟೆ ದಾಟಿದ ಮೇಲೆ ಅವಳ ಅಜ್ಜಿ ಹಿತ್ತಲಿಗೆ ಬಂದರು. ನಾನು ಗೋಡೆಗೆ ಫೋನು ಆನಿಸಿಕೊಂಡು ಮೋಡ ಸರಿದಾಗಲೆಲ್ಲ ಒಂದೊಂದು ಫೋಟೊ ತೆಗೆಯುತ್ತಿದ್ದೆ. ತೋರಿಸಿದೆ. ಅಜ್ಜಿ ಕೇಳಿದರು: "ಇದು ನಿನ್ ಫೋನು ಮಾಡಿದ್ದೋ, ಚಂದ್ರಂದೋ?"

"ನೀವೇ ತಲೆ ಎತ್ತಿ ನೋಡ್ರೆವ್ವಾ" ಅಂದೆ.

ಫೋಟೊ ಸಣ್ಣದಿತ್ತು, ಸ್ವಲ್ಪ ಮಸುಕಾಗಿಯೂ ಇತ್ತು. ಆದರೆ ಮೇಲೆ ಇದ್ದಂತೆಯೇ ಇತ್ತು. ಎಡಗಡೆ ಎಷ್ಟು ಕಡಿದಂತೆ ಕಾಣುತ್ತದೋ ಫೋಟೊದಲ್ಲೂ ಅಷ್ಟೇ. ನೆರಳಿನ ಅಂಚು ಬಳೆಯಂತೆ ದುಂಡಗೆ. "ಇದು ನಾವು ನಿಂತಿರೋ ಭೂಮಿ ನೆಳ್ಳು. ಭೂಮಿ ದುಂಡಗೈತಲ್ಲ, ಅದಕ್ಕ ನೆಳ್ಳೂ ದುಂಡಗೈತಿ" ಎಂದು ಹೇಳಿದೆ. ಅಜ್ಜಿ ಬಹಳ ಹೊತ್ತು ಮೇಲೆ ನೋಡಿದರು, ಫೋಟೊ ನೋಡಿದರು. ಏನೂ ಮಾತಾಡದೆ ಒಳಗೆ ಹೋಗಿ ಮೊಮ್ಮಗಳಿಗೆ ಒಂದು ಚೊಂಬು ನೀರು ಕೊಟ್ಟರು. ಹೊರಗೆ ಬರಲು ಬಿಡಲಿಲ್ಲ. ಚಾದರ ಹಾಗೇ ಇತ್ತು. ಆದರೆ ನೀರು ಸಿಕ್ಕಿತು.

ಅಜ್ಜಿಗೆ ಮೊಮ್ಮಗಳ ಮೇಲೆ ಪ್ರೀತಿ ಇಲ್ಲವೆಂದಲ್ಲ. ಪ್ರೀತಿಯಿಂದಲೇ ನೀರು ತಡೆದಿದ್ದರು. ನೆರಳಿನ ಮೇಲೆ ಸೇರಿಕೊಂಡ ಭಯ ಆ ಪ್ರೀತಿಯಿಂದಲೇ ಅಂಥ ಕೆಲಸ ಮಾಡಿಸಿತು. ನಮ್ಮ ಸಂಯುತ್ತ ನಿಕಾಯದಲ್ಲೂ ರಾಹು ಚಂದ್ರನನ್ನು ಹಿಡಿದ ಕಥೆ ಇದೆ ಎಂದು ಕೆಲವರು ಹೇಳಬಹುದು. ಇದೆ. ಆ ಕಾಲದ ಜನ ನಂಬಿದ್ದ ಕಥೆ ಅದು. ಅಲ್ಲಿ ಚಂದ್ರ ಬುದ್ಧನಿಗೆ ಶರಣು ಬರುತ್ತಾನೆ, ಬಿಡುಗಡೆ ಪಡೆಯುತ್ತಾನೆ. ಗರ್ಭಿಣಿಗೆ ನೀರು ಕೊಡಬೇಡಿ ಎಂದು ಅಲ್ಲಿ ಎಲ್ಲೂ ಇಲ್ಲ. ಗ್ರಹಣ ಎಂದರೆ ನೆರಳು ಎಂದು ಆರ್ಯಭಟ 1500 ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ.

*ನಮ್ಮ ಜಿಲ್ಲೆಯ ಕಲ್ಲು*

ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೆಗೋಳದಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಅಶೋಕ ಎಂಬ ಹೆಸರೇ ಇರುವ ಕೆಲವೇ ಶಾಸನಗಳಲ್ಲಿ ಅವು ಸೇರಿವೆ. ತಂದೆತಾಯಿಗಳ ಮಾತು ಕೇಳುವುದು, ಜೀವಿಗಳಲ್ಲಿ ದಯೆ, ಸತ್ಯ ನುಡಿಯುವುದು, ಇವು ಆ ಕಲ್ಲುಗಳ ಮೇಲಿರುವ ಧಮ್ಮ. ದಯೆ ಮತ್ತು ಸತ್ಯ ಅಲ್ಲಿ ಒಂದೇ ಉಸಿರಿನಲ್ಲಿ ಬರುತ್ತವೆ. ಆ ರಾತ್ರಿ ನಮ್ಮ ಓಣಿಯಲ್ಲೂ ಅವೆರಡು ಒಟ್ಟಿಗೇ ಬೇಕಾಗಿದ್ದವು.

*ಈ ವಾರದ ಅಭ್ಯಾಸ*

ಮುಂದಿನ ಅಷ್ಟಮಿ ಉಪೋಸಥಕ್ಕೆ ಹಿತ್ತಲಲ್ಲೋ ಮಾಳಿಗೆ ಮೇಲೋ ಹತ್ತು ನಿಮಿಷ ನಿಲ್ಲಿ. ಫೋಟೊಗೂ ಅಷ್ಟಮಿಯೇ ಒಳ್ಳೆಯದು. ಹುಣ್ಣಿಮೆಯಲ್ಲಿ ಬಿಸಿಲು ನೇರ ಬೀಳುವುದರಿಂದ ಚಂದ್ರ ಚಪ್ಪಟೆಯಾಗಿ ಕಾಣುತ್ತಾನೆ. ಅಷ್ಟಮಿಯಲ್ಲಿ ಬೆಳಕು, ಕತ್ತಲೆ ಕೂಡುವ ಗೆರೆಯ ಮೇಲೆ ಕುಳಿಗಳ ನೆರಳು ಉದ್ದಕ್ಕೆ ಬೀಳುತ್ತದೆ. ಕೃಷ್ಣ ಪಕ್ಷದ ಅಷ್ಟಮಿಗಾದರೆ ಚಂದ್ರ ಹುಟ್ಟುವುದು ನಡುರಾತ್ರಿಗೆ, ಬೆಳಗಿನ ಜಾವ ಎದ್ದು ನೋಡಿ.

ಮೊದಲು ಬರಿಗಣ್ಣಿನಿಂದ ನೋಡಿ. ಆಮೇಲೆ ಒಂದೇ ಫೋಟೊ ತೆಗೆಯಿರಿ. ಎರಡನ್ನೂ ಹೋಲಿಸಿ, ಎಲ್ಲಿ ಏನು ಸೇರಿತು ಎಂದು ಗಮನಿಸಿ. ಮರುದಿನ ಮನೆಯಲ್ಲಿ ಯಾರಾದರೂ ಒಂದು ಮಾತು ಅಂದಾಗಲೂ ಹೀಗೇ ಮಾಡಿ: ಅವರು ಅಂದದ್ದೆಷ್ಟು, ನಾನು ಸೇರಿಸಿಕೊಂಡದ್ದೆಷ್ಟು? ಗುಂಪಿಗೆ ಫೋಟೊ ಹಾಕುವವರು ಮಸುಕಾಗಿದ್ದರೂ ನೀವೇ ತೆಗೆದದ್ದನ್ನು ಹಾಕಿ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್.