ಸ್ವಂತ ಡೊಮೇನ್: ಬೇಕಾ, ಬೇಡ್ವಾ?

ರೆಸ್ಯೂಮೆ ಮಾಡೋಕೆ ಕೂತಾಗ ನಮ್ಮಲ್ಲಿ ಬಹಳ ಜನಕ್ಕೆ ಒಂದು ಆಸೆ ಬರುತ್ತೆ: ನಮ್ಮ ಹೆಸರಲ್ಲೇ ಒಂದು ಡೊಮೇನ್ ಇದ್ರೆ ಹೇಗಿರುತ್ತೆ ಅಂತ. ದುಡ್ಡು, ಸಮಯ ಎರಡೂ ಖರ್ಚಾಗೋ ವಿಷಯ. ಹಾಗಾಗಿ ಲೆಕ್ಕ ಹಾಕಿಯೇ ನೋಡೋಣ.

ಮೊದಲನೇದಾಗಿ, ಡೊಮೇನನ್ನು ನಾವು ಕೊಂಡುಕೊಳ್ಳೋದಿಲ್ಲ. ರಿಜಿಸ್ಟ್ರಾರ್ ಮೂಲಕ ವರ್ಷದ ಲೆಕ್ಕದಲ್ಲಿ ನಮ್ಮ ಹೆಸರಿಗೆ ನೋಂದಣಿ ಮಾಡಿಸ್ತೀವಿ. ಡಾಟ್ ಕಾಮ್‌ಗೆ ಒಂದು ಸಲಕ್ಕೆ ಹೆಚ್ಚೆಂದರೆ 10 ವರ್ಷ. ಅಂದ್ರೆ ಇದು ಬಿಡಿಎ ಸೈಟ್ ಅಲ್ಲ, ಬಾಡಿಗೆ ಮನೆ.

ಬಾಡಿಗೆ ಆದ್ರೆ ಲಾಭ ಏನು? ನಂಬರ್ ಪೋರ್ಟಬಿಲಿಟಿ ನೆನಪಿಸಿಕೊಳ್ಳಿ. 2011ರಲ್ಲಿ ಅದು ದೇಶದಾದ್ಯಂತ ಬಂದ ಮೇಲೆ ಸಿಮ್ ಕಂಪನಿ ಬದಲಾದರೂ ನಂಬರ್ ಅದೇ ಉಳಿಯುತ್ತೆ. ಡೊಮೇನ್‌ನಲ್ಲೂ ಹಾಗೇ. ಡಿಎನ್‌ಎಸ್‌ನಲ್ಲಿ 'ಎ' ರೆಕಾರ್ಡ್ ನಮ್ಮ ಹೆಸರನ್ನು ಒಂದು ಐಪಿ ವಿಳಾಸಕ್ಕೆ ಜೋಡಿಸುತ್ತೆ. 'ಎಂಎಕ್ಸ್' ರೆಕಾರ್ಡ್, ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುತ್ತೆ. ಸರ್ವರ್ ಬದಲಿಸಿದಾಗ ಈ ರೆಕಾರ್ಡ್ ತಿದ್ದಿದರೆ ಆಯ್ತು, ಜನರಿಗೆ ಕೊಟ್ಟ ವಿಳಾಸ ಹಾಗೇ ಇರುತ್ತೆ.

ಇದು ಯಾಕೆ ಮುಖ್ಯ? ಆರ್ಕುಟ್ 2014ರಲ್ಲಿ ಮುಚ್ಚಿತು, ಗೂಗಲ್ ಪ್ಲಸ್ 2019ರಲ್ಲಿ. ಅಲ್ಲಿನ ಪ್ರೊಫೈಲ್ ಲಿಂಕ್‌ಗಳೂ ಜೊತೆಗೇ ಹೋದವು. ಕಾಲೇಜ್ ಮೇಲ್ ಐಡಿಯನ್ನೂ ಎಷ್ಟೋ ಕಡೆ ಓದು ಮುಗಿದ ಮೇಲೆ ನಿಲ್ಲಿಸ್ತಾರೆ. ಅದನ್ನೇ ನಂಬಿ ಎಲ್ಲ ಕಡೆ ಕೊಟ್ಟಿದ್ರೆ ಕಷ್ಟ.

ಈಗ ಖರ್ಚು. ಮೊದಲ ವರ್ಷದ ಆಫರ್ ನೋಡಿ ಮರುಳಾಗಬಾರದು, ಎರಡನೇ ವರ್ಷದ ನವೀಕರಣ ಶುಲ್ಕ ನೋಡಬೇಕು. ಪೂರ್ತಿ ಉಚಿತ ಅನ್ನೋದೂ ಗ್ಯಾರಂಟಿ ಇಲ್ಲ: ಡಾಟ್ ಟಿಕೆ ಹೆಸರುಗಳನ್ನು ಬಿಟ್ಟಿಯಾಗಿ ಕೊಡ್ತಿದ್ದ ಫ್ರೀನಾಮ್ 2023ರಲ್ಲಿ ಹೊಸ ನೋಂದಣಿ ನಿಲ್ಲಿಸಿತು. ಸೈಟ್ ಇಡೋಕೆ ಮಾತ್ರ ದುಡ್ಡು ಬೇಕಿಲ್ಲ. ಸಾದಾ ಎಚ್‌ಟಿಎಂಎಲ್ ಪುಟಗಳನ್ನು ಗಿಟ್‌ಹಬ್ ಪೇಜಸ್‌ನಲ್ಲಿಟ್ಟು ನಮ್ಮ ಡೊಮೇನ್ ಜೋಡಿಸಬಹುದು.

ನಿಜವಾದ ಅಪಾಯ ಇರೋದು ನವೀಕರಣ ಮರೆತಾಗ. ಡಾಟ್ ಕಾಮ್ ಹೆಸರನ್ನು ರಿಜಿಸ್ಟ್ರಾರ್ ಅಳಿಸಿದ ಮೇಲೆ ಹೆಚ್ಚು ಶುಲ್ಕ ಕಟ್ಟಿ ವಾಪಸ್ ಪಡೆಯೋಕೆ 30 ದಿನ ಇರುತ್ತೆ. ಆಮೇಲೆ ಇನ್ನೊಂದು 5 ದಿನ ಕಳೆದರೆ ಅದು ಯಾರಿಗೆ ಬೇಕಾದರೂ ಸಿಗುತ್ತೆ. ಹೊಸಬರು ಎಂಎಕ್ಸ್ ರೆಕಾರ್ಡ್ ತಮ್ಮ ಸರ್ವರ್‌ಗೆ ತಿರುಗಿಸಿದರೆ, ನಮಗೆ ಬರಬೇಕಾದ ಪಾಸ್‌ವರ್ಡ್ ರೀಸೆಟ್ ಮೇಲ್ ಅವರ ಕೈಗೆ! ಸೈಟ್ ಹೋದ್ರೆ ಮತ್ತೆ ಕಟ್ಟಬಹುದು, ಬ್ಯಾಂಕ್ ಅಕೌಂಟ್ ವಿಷಯ ಹಾಗಲ್ಲ.

ಹಾಗಾಗಿ ನಮ್ಮ ಲೆಕ್ಕ ಇಷ್ಟು. ತೋರಿಸೋಕೆ ಎರಡು ಪ್ರಾಜೆಕ್ಟ್ ಇದ್ರೆ, ಪ್ರತಿ ವರ್ಷ ಶುಲ್ಕ ಕಟ್ಟೋ ಮನಸ್ಸಿದ್ರೆ, ತಗೊಳ್ಳಿ. ನೆಟ್‌ವರ್ಕ್ಸ್ ಪಾಠದ ಡಿಎನ್‌ಎಸ್ ಕೈಯಾರೆ ಮಾಡಿದಾಗ ಚೆನ್ನಾಗಿ ತಲೆಗೆ ಹೋಗುತ್ತೆ. ಆದರೆ ಮೊದಲ ವರ್ಷ ಸೈಟ್‌ಗೆ ಮಾತ್ರ ಬಳಸಿ. ಆಟೋ ರಿನ್ಯೂವಲ್ ಹಾಕಿ. ರಿಜಿಸ್ಟ್ರಾರ್ ಖಾತೆಗೆ ಅದೇ ಡೊಮೇನ್‌ನ ಮೇಲ್ ಐಡಿ ಕೊಡಬೇಡಿ. ಅದು ಬೀಗದ ಕೈಯನ್ನು ಮನೆಯೊಳಗೇ ಇಟ್ಟು ಬಾಗಿಲು ಎಳೆದುಕೊಂಡ ಹಾಗೆ. ಹೇಳಿಕೊಳ್ಳೋಕೊಂದು ಹೆಸರು ಬೇಕು ಅನ್ನೋದಷ್ಟೇ ಕಾರಣ ಆದ್ರೆ, ಸದ್ಯಕ್ಕೆ ಬೇಡ. ಮೊದಲು ಪ್ರಾಜೆಕ್ಟ್ ಮುಗಿಸೋಣ.