ಹಳಿಯೂ ಹೊಣೆಯೂ

ಮೈಸೂರಿನ ದಕ್ಷಿಣಕ್ಕೆ ಕಪಿಲಾ ನದಿಯ ದಡದಲ್ಲಿರುವ ನಂಜನಗೂಡು, ಶ್ರೀಕಂಠೇಶ್ವರನ ಸನ್ನಿಧಿಯಿಂದಾಗಿ ನಾಡಿನಲ್ಲೆಲ್ಲ ಹೆಸರಾದ ಕ್ಷೇತ್ರ. ಯಾತ್ರಿಕರ ಗಮನಕ್ಕೆ ಅಷ್ಟಾಗಿ ಬಾರದ ಇನ್ನೊಂದು ಹಿರಿಯ ಕಟ್ಟಡವೂ ಅಲ್ಲಿದೆ. ಅದು ಕಪಿಲೆಯ ಮೇಲಿನ ಕಲ್ಲಿನ ಸೇತುವೆ. ದಳವಾಯಿ ದೇವರಾಜಯ್ಯನವರ ಕಾಲದಲ್ಲಿ, 1735ರಲ್ಲಿ, ಅದನ್ನು ಕಟ್ಟಿದಾಗ ಜಗತ್ತಿನಲ್ಲಿ ಉಗಿಬಂಡಿಯೇ ಇರಲಿಲ್ಲ. ಕಾಲ್ನಡಿಗೆಯ ಜನರಿಗೂ ಎತ್ತಿನ ಗಾಡಿಗಳಿಗೂ ಆಧಾರವಾಗಲೆಂದು ಎದ್ದ ಸೇತುವೆ ಅದು. 1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ರೈಲುಮಾರ್ಗ ತೆರೆಯಿತು. ಮುಂದೆ ಆ ಪುರಾತನ ಸೇತುವೆಯ ಮೇಲೆಯೇ ಮೀಟರ್ ಗೇಜ್ ಹಳಿಯನ್ನು ಹಾಸಲಾಯಿತು. 1926ರಲ್ಲಿ ಮಾರ್ಗವು ಚಾಮರಾಜನಗರವನ್ನು ಮುಟ್ಟಿತು. ಒಂದೇ ಸೇತುವೆ ರಸ್ತೆಯನ್ನೂ ರೈಲನ್ನೂ ಬಹುಕಾಲ ಹೊತ್ತು ನಿಂತಿತು. 21ನೆಯ ಶತಮಾನದ ಮೊದಲ ದಶಕದಲ್ಲಿ ಮಾರ್ಗವು ಬ್ರಾಡ್ ಗೇಜಿಗೆ ಪರಿವರ್ತನೆಗೊಂಡು ಹೊಸ ಸೇತುವೆ ಬಂದ ಮೇಲೆ, ಹಳೆಯದಕ್ಕೆ ವಿಶ್ರಾಂತಿ ದೊರಕಿತು.

ಕಪಿಲೆಯು ನಂಜನಗೂಡಿನಿಂದ ಮುಂದೆ ಹರಿದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಆ ಊರಿಗೆ ರೈಲುಮಾರ್ಗವಿಲ್ಲ. ಆದರೂ ಅಲ್ಲಿನ ಜನರು ರೈಲಿನ ಸಂಬಂಧವಿಲ್ಲದವರಲ್ಲ. ಉದ್ಯೋಗ, ಚಿಕಿತ್ಸೆ, ಪರೀಕ್ಷೆಗಳಿಗೆಂದು ದೂರದ ಊರುಗಳಿಗೆ ಹೊರಟವರು ಬಸ್ಸಿನಲ್ಲಿ ಮೈಸೂರಿಗೋ ನಂಜನಗೂಡಿಗೋ ಬಂದು ರೈಲು ಹತ್ತುತ್ತಾರೆ. ಹತ್ತುವ ಮುನ್ನ ಅವರಲ್ಲಿ ಯಾರೂ ಹಳಿಯನ್ನು ಪರೀಕ್ಷಿಸುವುದಿಲ್ಲ. ಪರೀಕ್ಷಿಸಲು ಅವರಿಂದ ಸಾಧ್ಯವೂ ಇಲ್ಲ. ಟಿಕೆಟ್ಟಿನ ಹಣವನ್ನು ತೆತ್ತಾಗ ಅವರು ಕೊಂಡುಕೊಳ್ಳುವುದು ಕೇವಲ ಒಂದು ಆಸನವನ್ನಲ್ಲ. ತಮ್ಮ ಪ್ರಾಣವನ್ನು ಅವರು ಇನ್ನೊಬ್ಬರ ಎಚ್ಚರಕ್ಕೆ ಒಪ್ಪಿಸಿರುತ್ತಾರೆ. ಆ ಎಚ್ಚರ ಯಾರದು? ಅದು ತಪ್ಪಿದಾಗ ಉತ್ತರ ಹೇಳಬೇಕಾದವರು ಯಾರು? ರೈಲ್ವೆಯ ಇತಿಹಾಸದಲ್ಲಿ ಇವು ಮತ್ತೆ ಮತ್ತೆ ಎದ್ದ ಪ್ರಶ್ನೆಗಳು.

ರೈಲುಹಳಿಯು ನೋಡುವವರಿಗೆ ಎಂದೆಂದಿಗೂ ಅಲುಗದ ವಸ್ತುವಿನಂತೆ ತೋರುತ್ತದೆ. ವಾಸ್ತವವಾಗಿ ಅದು ಪ್ರತಿದಿನವೂ ಸ್ವಲ್ಪ ಸ್ವಲ್ಪವಾಗಿ ಸವೆಯುತ್ತದೆ. ಉಕ್ಕಿನ ಹಳಿಗಳು ಸ್ಲೀಪರುಗಳ ಮೇಲೆ ಕುಳಿತಿರುತ್ತವೆ. ಸ್ಲೀಪರುಗಳು ಜಲ್ಲಿಕಲ್ಲಿನ ಹಾಸಿನ ಮೇಲೆ. ಜಲ್ಲಿಯು ರೈಲಿನ ಭಾರವನ್ನು ನೆಲಕ್ಕೆ ಹಂಚುತ್ತದೆ. ಮಳೆಯ ನೀರನ್ನು ನಿಲ್ಲಗೊಡದೆ ಹರಿಯಬಿಡುತ್ತದೆ. ಜಲ್ಲಿಯ ಸಂದುಗಳಲ್ಲಿ ಮಣ್ಣು ತುಂಬಿಕೊಂಡರೆ ನೀರು ನಿಂತು ನೆಲ ಮೆತ್ತಗಾಗುತ್ತದೆ. ಹಳಿಯ ಮಟ್ಟ ತಪ್ಪುತ್ತದೆ. ಬಿಸಿಲಿಗೆ ಹಿಗ್ಗಿದ ಹಳಿ ಪಕ್ಕಕ್ಕೆ ಬಾಗಬಹುದು. ಚಳಿಗೆ ಕುಗ್ಗಿದ ಹಳಿ ದುರ್ಬಲವಾದ ಬೆಸುಗೆಯ ಬಳಿ ಬಿರಿಯಬಹುದು. ಉಕ್ಕಿನ ಒಳಗೆ ಹುಟ್ಟಿದ ಕೂದಲೆಳೆಯಷ್ಟು ಸಣ್ಣ ಬಿರುಕು ಹೊರಗಿನಿಂದ ಕಾಣದೆಯೇ ಬೆಳೆಯಬಹುದು. ಇಂಥ ಬಿರುಕುಗಳನ್ನು ಶ್ರವಣಾತೀತ ಶಬ್ದತರಂಗಗಳ ಯಂತ್ರದಿಂದ ಪತ್ತೆ ಹಚ್ಚುತ್ತಾರೆ. ಹಳಿಯ ಮಟ್ಟವನ್ನೂ ಅಂತರವನ್ನೂ ಅಳೆಯಲು ವಿಶೇಷ ಉಪಕರಣಗಳನ್ನು ಹೊತ್ತ ಗಾಡಿಗಳು ಸಂಚರಿಸುತ್ತವೆ.

ಯಂತ್ರಗಳು ಎಷ್ಟೇ ಬಂದರೂ ಮನುಷ್ಯನ ಕಾಲ್ನಡಿಗೆಯ ಕಾವಲು ತಪ್ಪಿಲ್ಲ. ಬಿಸಿಲಾಗಲಿ ಮಳೆಯಾಗಲಿ, ಕೀಮನ್ ಎನಿಸಿಕೊಂಡ ನೌಕರನು ತನಗೆ ಗೊತ್ತುಪಡಿಸಿದ ಮಾರ್ಗದಲ್ಲಿ ಸುತ್ತಿಗೆ, ಸ್ಪ್ಯಾನರುಗಳೊಡನೆ ಹಳಿಯುದ್ದಕ್ಕೂ ನಡೆಯುತ್ತಾನೆ. ಸಡಿಲವಾದ ಬಿಗಿಗಳನ್ನು ಮತ್ತೆ ಬಿಗಿಯುತ್ತಾನೆ. ಬಿರುಕು ಕಂಡರೆ ಕೆಂಪು ಬಾವುಟ ಹಿಡಿದು ಬರುವ ರೈಲನ್ನು ತಡೆಯುತ್ತಾನೆ. ಗ್ಯಾಂಗ್‌ಮನ್ನರ ತಂಡ ಜಲ್ಲಿಯನ್ನು ಒತ್ತಿ ತುಂಬಿ ಹಳಿಯನ್ನು ಸಮಮಾಡುತ್ತದೆ. ಇವರ ಹೆಸರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಇವರ ಕೆಲಸ ಸರಿಯಾಗಿ ನಡೆದ ದಿನ ಏನೂ ಸಂಭವಿಸುವುದಿಲ್ಲ. ಏನೂ ಸಂಭವಿಸದಿರುವುದೇ ಇವರ ಸಾಧನೆ.

ಇಂಥ ಕೆಲಸವನ್ನು ಮುಂದೂಡುವ ಪ್ರವೃತ್ತಿ ಬಹು ಸುಲಭವಾಗಿ ಬೆಳೆಯುತ್ತದೆ. ಹೊಸ ರೈಲಿನ ಉದ್ಘಾಟನೆಗೆ ತೋರಣ ಕಟ್ಟುತ್ತಾರೆ. ಹಳೆಯ ಹಳಿಯ ದುರಸ್ತಿಗೆ ಯಾರೂ ತೋರಣ ಕಟ್ಟುವುದಿಲ್ಲ. ದುರಸ್ತಿ ನಡೆಯಬೇಕಾದರೆ ಕೆಲವು ಗಂಟೆಗಳ ಕಾಲ ರೈಲುಗಳ ಓಡಾಟ ನಿಲ್ಲಬೇಕು. ಅದರಿಂದ ಸಮಯವೂ ವರಮಾನವೂ ತಪ್ಪುತ್ತವೆ. ಹೀಗಾಗಿ ಈ ವರ್ಷದ ಕೆಲಸ ಬರುವ ವರ್ಷಕ್ಕೆ ಸರಿಯುತ್ತದೆ. ಕೆರೆಯ ಏರಿಯಲ್ಲಿ ಇಲಿ ತೋಡಿದ ಬಿಲವನ್ನು ಬೇಸಿಗೆಯಲ್ಲಿ ಒಂದು ಬುಟ್ಟಿ ಮಣ್ಣಿನಿಂದ ಮುಚ್ಚಬಹುದು. ಮುಚ್ಚದೆ ಬಿಟ್ಟರೆ ಮಳೆಗಾಲದಲ್ಲಿ ಊರೆಲ್ಲ ಕೂಡಿದರೂ ಒಡೆದ ಏರಿಯನ್ನು ತಡೆಯಲಾಗದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಬೇಕಾಗುತ್ತದೆ. ಮುಂದೂಡಿದ ದುರಸ್ತಿಯು ಉಳಿತಾಯವಲ್ಲ, ಅದು ಸಾಲ. ವಿಪರ್ಯಾಸವೆಂದರೆ, ಸಾಲ ಮಾಡುವವರು ಒಬ್ಬರು, ತೀರಿಸುವವರು ಮತ್ತೊಬ್ಬರು.

ಅವಸರದ ದುರಸ್ತಿಯೂ ಅಷ್ಟೇ ಅಪಾಯಕಾರಿ. 2017ರ ಆಗಸ್ಟ್ 19ರಂದು ಉತ್ತರ ಪ್ರದೇಶದ ಖತೌಲಿಯ ಬಳಿ ಉತ್ಕಲ್ ಎಕ್ಸ್‌ಪ್ರೆಸ್ ಹಳಿ ತಪ್ಪಿ 20ಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿ ಹಳಿಯ ದುರಸ್ತಿ ನಡೆಯುತ್ತಿತ್ತು. ಆದರೆ ರೈಲುಗಳನ್ನು ನಿಲ್ಲಿಸಿ ಕೆಲಸ ಮಾಡಲು ಬೇಕಾದ ಅನುಮತಿ ದೊರೆತಿರಲಿಲ್ಲ; ಮುಂದೆ ಕಾದಿದ್ದ ಅಪಾಯದ ಸೂಚನೆ ಚಾಲಕನಿಗೆ ತಲುಪಲಿಲ್ಲ. ದುರಸ್ತಿಗೆ ಸಮಯವನ್ನೇ ಕೊಡದಿದ್ದರೆ ದುರಸ್ತಿಯೇ ದುರಂತವಾಗಬಹುದೆಂಬುದಕ್ಕೆ ಇದೊಂದು ನಿದರ್ಶನ.

ಹಳಿಯ ರಕ್ಷಣೆಯೆಂದರೆ ಹಳಿಯನ್ನಷ್ಟೇ ಕಾಯುವುದಲ್ಲ. ಅದರ ಪಕ್ಕದ ಗುಡ್ಡವನ್ನೂ ಕಾಯಬೇಕಾಗುತ್ತದೆ. ಈ ಪಾಠವನ್ನು ಕಲಿಸಿದ್ದು ಕೊಂಕಣ ರೈಲ್ವೆ. ಕರ್ನಾಟಕವೂ ಪಾಲುದಾರನಾಗಿ 1990ರಲ್ಲಿ ಸ್ಥಾಪಿತವಾದ ಕೊಂಕಣ ರೈಲ್ವೆ ನಿಗಮವು, ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನ ಸಮೀಪದವರೆಗೆ ಬೆಟ್ಟಗಳನ್ನು ಕೊರೆದು ಮಾರ್ಗವನ್ನು ನಿರ್ಮಿಸಿತು. 1998ರಲ್ಲಿ ಪೂರ್ಣಗೊಂಡ ಆ ಮಾರ್ಗ ಇಂಜಿನಿಯರುಗಳ ಸಾಹಸವೆಂದು ಪ್ರಶಂಸೆ ಪಡೆಯಿತು. ಆದರೆ ಕರಾವಳಿಯ ಮಳೆ ಪ್ರಶಂಸೆಗೆ ಮಣಿಯುವುದಿಲ್ಲ. 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬಯಿಗೆ ಹೊರಟಿದ್ದ ವಿಶೇಷ ರೈಲು, ವೈಭವವಾಡಿಯ ಬಳಿ ಗುಡ್ಡದಿಂದ ಹಳಿಯ ಮೇಲೆ ಉರುಳಿದ್ದ ಬಂಡೆಗಳಿಗೆ ಬಡಿಯಿತು. 50ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಒಂದು ವರ್ಷ ತುಂಬುವುದರೊಳಗೆ, 2004ರ ಜೂನ್ 16ರಂದು, ಮಂಗಳೂರಿನಿಂದ ಮುಂಬಯಿಗೆ ಹೋಗುತ್ತಿದ್ದ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಅದೇ ಬಗೆಯ ಅಪಘಾತಕ್ಕೆ ಸಿಲುಕಿತು.

ಆ ಬಳಿಕ ಕಡಿದಾದ ಇಳಿಜಾರುಗಳನ್ನು ತಗ್ಗಿಸಲಾಯಿತು. ಬಂಡೆಗಳು ಜಾರದಂತೆ ಉಕ್ಕಿನ ಬಲೆಗಳನ್ನು ಹೊದಿಸಲಾಯಿತು, ತಡೆಗೋಡೆಗಳನ್ನು ಕಟ್ಟಲಾಯಿತು. ಅಪಾಯದ ಸ್ಥಳಗಳಲ್ಲಿ ಮಳೆಗಾಲದಲ್ಲಿ ಹಗಲಿರುಳು ಕಾವಲುಗಾರರನ್ನು ನಿಲ್ಲಿಸುವ, ಆ ತಿಂಗಳುಗಳಲ್ಲಿ ರೈಲುಗಳ ವೇಗವನ್ನು ಕಡಿಮೆ ಮಾಡುವ ಏರ್ಪಾಡುಗಳು ಬಲಗೊಂಡವು. ಅಪಘಾತದ ನಂತರ ಸಾಧ್ಯವಾದ ಎಚ್ಚರವು ಅದಕ್ಕೆ ಮೊದಲೇ ಪೂರ್ಣವಾಗಿ ಏಕೆ ಸಾಧ್ಯವಾಗಲಿಲ್ಲ ಎಂದು ಕೇಳುವ ಹಕ್ಕು ಸತ್ತವರ ಬಂಧುಗಳಿಗೂ ಉಳಿದ ಪ್ರಯಾಣಿಕರಿಗೂ ಇದೆ.

ಈ ಪ್ರಶ್ನೆಯನ್ನು ಕೇಳಬೇಕಾದವರು ರೈಲು ಓಡಿಸುವವರ ಅಧೀನದಲ್ಲಿರಬಾರದೆಂಬ ಅರಿವು ಮೂಡಲು ಬಹುಕಾಲ ಹಿಡಿಯಿತು. ಭಾರತದ ರೈಲುಮಾರ್ಗಗಳಲ್ಲಿ ಹಲವು ಮೊದಲು ಕಂಪನಿಗಳ ಕೈಯಲ್ಲಿದ್ದವು. ಮೈಸೂರು ಸಂಸ್ಥಾನದ ಹಳಿಗಳ ಮೇಲೂ ಸದರನ್ ಮರಾಠ ರೈಲ್ವೆ ಎಂಬ ಕಂಪನಿಯು ರೈಲುಗಳನ್ನು ನಡೆಸುತ್ತಿತ್ತು. ಕಂಪನಿಯ ದೃಷ್ಟಿ ಸಹಜವಾಗಿಯೇ ಲಾಭದ ಮೇಲಿರುತ್ತದೆ. ಆದ್ದರಿಂದ ಮಾರ್ಗಗಳನ್ನು ತಪಾಸಣೆ ಮಾಡಲು ಸರ್ಕಾರವು ಇನ್ಸ್‌ಪೆಕ್ಟರುಗಳನ್ನು ನೇಮಿಸಿತು. ಕ್ರಮೇಣ ರೈಲುಗಳು ಸರ್ಕಾರದ ಸ್ವತ್ತಾದವು. ಆಗ ಹೊಸದೊಂದು ತೊಡಕು ಹುಟ್ಟಿತು: ರೈಲು ಓಡಿಸುವವರೂ ತಪಾಸಣೆ ಮಾಡುವವರೂ ಒಂದೇ ಮನೆಯವರಾದರೆ ತಪ್ಪನ್ನು ತೋರಿಸುವವರು ಯಾರು? ಇದನ್ನು ಮನಗಂಡು 1941ರಲ್ಲಿ ತಪಾಸಣಾಧಿಕಾರಿಗಳನ್ನು ರೈಲ್ವೆ ಮಂಡಳಿಯ ಹತೋಟಿಯಿಂದ ಬೇರ್ಪಡಿಸಲಾಯಿತು. ಅದರಿಂದ ಬೆಳೆದ ರೈಲ್ವೆ ಸುರಕ್ಷತಾ ಆಯೋಗವು 1967ರಿಂದ ವಿಮಾನಯಾನ ಖಾತೆಯ ಆಡಳಿತಕ್ಕೆ ಒಳಪಟ್ಟಿದೆ. ಪ್ರಯಾಣಿಕರ ಸಂಚಾರಕ್ಕೆ ಹೊಸ ಮಾರ್ಗವನ್ನು ತೆರೆಯುವ ಮುನ್ನ ಆಯುಕ್ತರ ಪರಿಶೀಲನೆ ನಡೆಯಬೇಕು. ಘೋರ ಅಪಘಾತಗಳ ವಿಚಾರಣೆಯನ್ನೂ ಅವರೇ ನಡೆಸುತ್ತಾರೆ. ಆದರೆ ಅವರು ಮಾಡುವುದು ಶಿಫಾರಸು. ಅದನ್ನು ಜಾರಿಗೆ ತರುವ ಕೆಲಸ ರೈಲ್ವೆಗೇ ಸೇರಿದ್ದು.

ಹಣದ ಲೆಕ್ಕ ಕೇಳುವವರು ಬೇರೆಯೇ ಇದ್ದಾರೆ. ಹಳಿಗಳ ನವೀಕರಣವೂ ಸೇರಿದಂತೆ ಸುರಕ್ಷತೆಯ ಕೆಲಸಗಳಿಗೆಂದೇ 2017-18ರಲ್ಲಿ ಐದು ವರ್ಷಗಳಿಗೆ 1 ಲಕ್ಷ ಕೋಟಿ ರೂಪಾಯಿಗಳ ನಿಧಿಯನ್ನು ಕೇಂದ್ರ ಸರ್ಕಾರ ಸ್ಥಾಪಿಸಿತು. ರೈಲುಗಳು ಹಳಿ ತಪ್ಪುವುದರ ಬಗ್ಗೆ ಭಾರತದ ಮಹಾಲೇಖಪಾಲರು 2022ರಲ್ಲಿ ಸಂಸತ್ತಿಗೆ ಒಪ್ಪಿಸಿದ ವರದಿಯು ಆ ನಿಧಿಯ ಬಳಕೆಯನ್ನು ಪರಿಶೀಲಿಸಿತು. ಹಳಿ ನವೀಕರಣಕ್ಕೆ 2018-19ರಲ್ಲಿ ದೊರೆತ ಸುಮಾರು 9,607 ಕೋಟಿ ರೂಪಾಯಿ ಮರುವರ್ಷ 7,417 ಕೋಟಿಗೆ ಇಳಿದಿತ್ತು. ಹಳಿಯನ್ನು ಅಳೆಯುವ ಗಾಡಿಗಳ ತಪಾಸಣೆಯಲ್ಲಿ ಶೇಕಡ 30ರಿಂದ 100ರವರೆಗೆ ಕೊರತೆಯಿತ್ತು. ವರದಿಯು ಪರಿಶೀಲಿಸಿದ ಹಳಿ ತಪ್ಪಿದ ಪ್ರಕರಣಗಳಲ್ಲಿ 171ಕ್ಕೆ ಹಳಿಯ ನಿರ್ವಹಣೆಯ ಲೋಪವು ಕಾರಣವಾಗಿತ್ತು. ಈ ಅಂಕಿಗಳನ್ನು ರೈಲ್ವೆಯ ವೈರಿಗಳು ಹೇಳಿದ್ದಲ್ಲ. ಪ್ರಜೆಗಳ ಪರವಾಗಿ ಲೆಕ್ಕ ಕೇಳಲು ಸಂವಿಧಾನವೇ ನೇಮಿಸಿದ ಅಧಿಕಾರಿ ಹೇಳಿದ್ದು.

ಎಲ್ಲವೂ ಕೆಟ್ಟಿತೆಂದು ಹೇಳುವುದು ನ್ಯಾಯವಲ್ಲ. ರೈಲ್ವೆಯ ಲೆಕ್ಕದಂತೆ 2014-15ರಲ್ಲಿ 135 ಆಗಿದ್ದ ಗಂಭೀರ ಅಪಘಾತಗಳ ಸಂಖ್ಯೆ 2024-25ರಲ್ಲಿ 31ಕ್ಕೆ ಇಳಿಯಿತು. ಬ್ರಾಡ್ ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಲೆವೆಲ್ ಕ್ರಾಸಿಂಗುಗಳನ್ನು 2019ರ ವೇಳೆಗೆ ತೆಗೆದುಹಾಕಲಾಯಿತು. ಆದರೆ ಇದೇ ಅವಧಿಯಲ್ಲಿ, 2023ರ ಜೂನ್ 2ರಂದು, ಒಡಿಶಾದ ಬಾಲೇಶ್ವರದ ಬಳಿ ಸಿಗ್ನಲ್ ವ್ಯವಸ್ಥೆಯ ದೋಷದಿಂದ ಭೀಕರ ದುರಂತ ನಡೆಯಿತು. ಅದಕ್ಕೆ ಸಿಲುಕಿದ ರೈಲುಗಳಲ್ಲಿ ಬೆಂಗಳೂರಿನಿಂದ ಹೌರಾಕ್ಕೆ ಹೊರಟಿದ್ದದ್ದೂ ಒಂದು. ಸತ್ತವರು 290ಕ್ಕೂ ಹೆಚ್ಚು. ಸಂಖ್ಯೆ ಇಳಿದುದು ಸಮಾಧಾನದ ವಿಷಯ, ನಿದ್ರೆಗೆ ಅನುಮತಿಯಲ್ಲ.

ಹೊಣೆಗಾರಿಕೆಗೆ ಎರಡು ಮುಖಗಳಿವೆ. ಒಂದು ನೈತಿಕವಾದದ್ದು. 1956ರ ನವೆಂಬರಿನಲ್ಲಿ ತಮಿಳುನಾಡಿನ ಅರಿಯಲೂರಿನ ಬಳಿ ಪ್ರವಾಹಕ್ಕೆ ಸೇತುವೆ ಕುಸಿದು ರೈಲು ನದಿಗೆ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತಾಗ, ರೈಲ್ವೆ ಸಚಿವರಾಗಿದ್ದ ಲಾಲ್ ಬಹಾದುರ್ ಶಾಸ್ತ್ರಿಯವರು ರಾಜೀನಾಮೆ ನೀಡಿದರು. ಆ ಸೇತುವೆಯನ್ನು ಅವರು ಕಟ್ಟಿದವರಲ್ಲ; ಆದರೂ ತಮ್ಮ ಖಾತೆಯ ಹೊಣೆ ತಮ್ಮದೆಂದು ಒಪ್ಪಿಕೊಂಡರು. ಇನ್ನೊಂದು ಮುಖ ಕಾನೂನಿನದು. 1989ರ ರೈಲ್ವೆ ಕಾಯಿದೆಯ ಪ್ರಕಾರ, ರೈಲು ಅಪಘಾತದಲ್ಲಿ ಪ್ರಯಾಣಿಕನು ಸತ್ತರೆ ಅಥವಾ ಗಾಯಗೊಂಡರೆ, ರೈಲ್ವೆಯ ತಪ್ಪನ್ನು ಸಾಬೀತುಪಡಿಸುವ ಭಾರ ಅವನ ಕುಟುಂಬದ ಮೇಲಿಲ್ಲ. ತಪ್ಪಿರಲಿ ಇಲ್ಲದಿರಲಿ ಪರಿಹಾರ ಕೊಡಬೇಕು. 2017ರಿಂದ ಮೃತರ ಕುಟುಂಬಕ್ಕೆ ನಿಗದಿಯಾದ ಮೊತ್ತ 8 ಲಕ್ಷ ರೂಪಾಯಿ. ಆದರೆ ಒಬ್ಬರ ರಾಜೀನಾಮೆಯಾಗಲಿ ಪರಿಹಾರದ ಹಣವಾಗಲಿ ಸಡಿಲವಾದ ಒಂದು ಬಿಗಿಯನ್ನೂ ಬಿಗಿಯಲಾರದು. ಕೊನೆಯ ದರ್ಜೆಯ ನೌಕರನೊಬ್ಬನನ್ನು ಕೆಲಸದಿಂದ ತೆಗೆದು ಕಡತವನ್ನು ಮುಚ್ಚುವುದೂ ಹೊಣೆಗಾರಿಕೆಯಲ್ಲ. ಅವನಿಗೆ ಬೇಕಾದ ಜನರನ್ನು, ಸಮಯವನ್ನು, ಸಲಕರಣೆಯನ್ನು ಒದಗಿಸದೆ ಹೋದವರು ಯಾರೆಂದು ಕೇಳಿ, ಆ ಕೊರತೆಯನ್ನು ತುಂಬಿಸುವುದೇ ನಿಜವಾದ ಹೊಣೆಗಾರಿಕೆ.

ರೈಲ್ವೆಯು ಯಾರೊಬ್ಬರ ಮನೆಯ ಸ್ವತ್ತಲ್ಲ. ಅದು ಪ್ರಜೆಗಳ ದುಡ್ಡಿನಿಂದ ನಡೆಯುವ ಸಂಸ್ಥೆ. ತಮ್ಮೂರಿಗೆ ಹೊಸ ರೈಲು ಬೇಕೆಂದು ಜನರು ಮನವಿ ಸಲ್ಲಿಸುವುದು ಸಹಜ. ಇರುವ ಹಳಿಯ ತಪಾಸಣೆ ಯಾವಾಗ ಆಯಿತು, ಗ್ಯಾಂಗಿನಲ್ಲಿ ಎಷ್ಟು ಹುದ್ದೆಗಳು ಖಾಲಿಯಿವೆ, ವಿಚಾರಣೆಯ ಶಿಫಾರಸುಗಳು ಏನಾದವು ಎಂದು ಕೇಳುವುದೂ ಅಷ್ಟೇ ಸಹಜವಾಗಬೇಕು. ದುರಸ್ತಿಗಾಗಿ ರೈಲು ತಡವಾದಾಗ ತಾಳ್ಮೆಯಿಂದ ಕಾಯುವುದೂ ಪ್ರಜೆಯ ಕರ್ತವ್ಯದಲ್ಲಿ ಸೇರಿದೆ. ನಂಜನಗೂಡಿನಲ್ಲಿ ಹತ್ತಿದ ರೈತನೂ ನರಸೀಪುರದಿಂದ ಬಂದ ವಿದ್ಯಾರ್ಥಿಯೂ ರಾತ್ರಿಯ ಗಾಡಿಯಲ್ಲಿ ಕಣ್ಣು ಮುಚ್ಚಿ ನಿದ್ರಿಸುತ್ತಾರೆ. ಅವರು ನಿಶ್ಚಿಂತೆಯಿಂದ ನಿದ್ರಿಸಬೇಕಾದರೆ, ಹಳಿಯ ಮೇಲೆ ನಡೆಯುವವನಿಂದ ಹಿಡಿದು ಹಣ ಮಂಜೂರು ಮಾಡುವವರವರೆಗೆ ಎಲ್ಲರೂ ಎಚ್ಚರವಾಗಿರಬೇಕು.