ಎಲುಬಿನ ಗುಳಿಗೆಗೆ ಮೊದಲು ಹಲ್ಲು ತೋರಿಸಿ

ಮೈಲಾರದಿಂದ ಕೊಟ್ಟೂರಿನವರೆಗೆ ಇದು ಖಡಕ್ ರೊಟ್ಟಿಯ ಸೀಮೆ. ಹಲ್ಲು ಹೋದವರ ತಾಟಿನಿಂದ ಮೊದಲು ಮಾಯವಾಗುವುದೇ ರೊಟ್ಟಿ, ಶೇಂಗಾ, ಹಸಿ ತರಕಾರಿ. ವಯಸ್ಸಾಯಿತು, ಬಿದ್ದವು ಎಂದು ಸುಮ್ಮನಾಗುತ್ತೇವೆ. ಆದರೆ ಹಲ್ಲು ಕೀಳುವುದು ವಯಸ್ಸಲ್ಲ; ಒಸಡಿನ ರೋಗ, ಹುಳುಕು, ತಂಬಾಕು. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಇಳಿದು ಎಲುಬು ಸವೆಯುತ್ತದೆಂದು ತಾಯಂದಿರಿಗೆ ಗೊತ್ತು. ದವಡೆಯೂ ಎಲುಬೇ ಎಂಬುದು ಮಾತ್ರ ಯಾರಿಗೂ ನೆನಪಿರುವುದಿಲ್ಲ.

ಈ ಸವೆತಕ್ಕೆ ವೈದ್ಯರು ವಾರಕ್ಕೊಂದು ಅಲೆಂಡ್ರೊನೇಟ್ ಗುಳಿಗೆಯನ್ನೋ ವರ್ಷಕ್ಕೊಂದು ಝೋಲೆಡ್ರೊನಿಕ್ ಆ್ಯಸಿಡ್ ಇಂಜೆಕ್ಷನ್ನನ್ನೋ ಬರೆದುಕೊಡುತ್ತಾರೆ. ಇಂಥ ಔಷಧಿ ಪಡೆದ ಕೆಲವರಲ್ಲಿ, ಹಲ್ಲು ಕೀಳಿಸಿದ ಜಾಗ ಮಾಯದೆ ದವಡೆಯ ಎಲುಬು ಸತ್ತು ಹೊರಗೆ ಕಾಣಿಸಿದ್ದು 2003ರಿಂದ ವರದಿಯಾಗುತ್ತಿದೆ. ಹಾಗಾದರೆ ಗುಳಿಗೆಯೇ ಬೇಡವೆನ್ನಬಹುದು. ಅದು ತಪ್ಪು ಲೆಕ್ಕ. ಆ ವರದಿಗಳಲ್ಲಿ ಹೆಚ್ಚಿನವರು ದೊಡ್ಡ ಪ್ರಮಾಣದ ಇಂಜೆಕ್ಷನ್ ಪಡೆದ ಕ್ಯಾನ್ಸರ್ ರೋಗಿಗಳು. ಎಲುಬು ಸವೆತದ ಗುಳಿಗೆ ನುಂಗುವವರಲ್ಲಿ ಇದು ಸಾವಿರಕ್ಕೊಬ್ಬರಿಗೂ ಬಾರದು. ಸೊಂಟ ಮುರಿದು ಹಾಸಿಗೆ ಹಿಡಿಯುವ ಅಪಾಯವೇ ದೊಡ್ಡದು. ಆದ್ದರಿಂದ ಔಷಧಿ ಬಿಡಬೇಡಿ, ಕೀಳಿಸಬೇಕಾದ ಹಲ್ಲನ್ನು ಮೊದಲೇ ಕೀಳಿಸಿ ಗಾಯ ಮಾಯ್ದ ಮೇಲೆ ಶುರುಮಾಡಿ. ಈಗಾಗಲೇ ನುಂಗುತ್ತಿದ್ದರೆ ಚೀಟಿಯನ್ನು ಹಲ್ಲಿನ ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆಯ, ರಕ್ತ ತೆಳುವಾಗಿಸುವ ಗುಳಿಗೆಗಳನ್ನೂ ಮುಚ್ಚಿಡಬೇಡಿ. ಕೀಳಿಸಿದ ಮೇಲೆ ಹಲ್ಲಿನ ಸೆಟ್ ಹಾಕಿಸಲು ದುಡ್ಡೆಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ಬಿಪಿಎಲ್ ಕುಟುಂಬದ ಹಿರಿಯರಿಗೆ ಪುಕ್ಕಟೆ ಹಲ್ಲಿನ ಸೆಟ್ ಕೊಡಲೆಂದೇ ಸರ್ಕಾರ ದಂತಭಾಗ್ಯ ಯೋಜನೆ ತಂದಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ಅದನ್ನು ಹೆಸರು ಹಿಡಿದೇ ಕೇಳಿ. ಕೇಳದಿದ್ದರೆ ಯಾರೂ ಹೇಳುವುದಿಲ್ಲ.